ಮೋಡ ಕವಿದಾಗ ನಾನು ಕೂಗಿದ್ದು

ಜನವರಿ ೯, ರಾತ್ರಿ ಎಂಟೂವರೆ.

ಅಣ್ಣನ ಕೈ ಇನ್ನೂ ಕೆಂಪಗೇ ಇದೆ. ತಪ್ಪು ನನ್ನದು.

ನಿನ್ನೆ ಆಸ್ಪತ್ರೆಯಲ್ಲಿ ಅವನ ರಕ್ತಕ್ಕೆ ಸೂಜಿಯಲ್ಲಿ ಒಂದು ಬಣ್ಣದ ಔಷಧಿ ಏರಿಸಿದರು. ನಾಳೆ ಬಾಯಿಯ ಗಡ್ಡೆಯ ಮೇಲೆ ಲೇಸರ್ ಬೆಳಕು ಬಿಟ್ಟಾಗ ಅದು ಕ್ಯಾನ್ಸರನ್ನು ಸುಡುತ್ತದಂತೆ. ಔಷಧಿ ಮೈಯೆಲ್ಲ ಹರಡಿರುತ್ತದೆ, ಅಲ್ಲಿಯವರೆಗೂ, ಆಮೇಲೆ ಒಂದು ತಿಂಗಳೂ ಹಗಲ ಬೆಳಕು ಮೈಗೆ ಸೋಕಬಾರದು ಎಂದು ನರ್ಸ್ ನನಗೇ ಹೇಳಿದ್ದರು.

ಮಧ್ಯಾಹ್ನ ಮೋಡ ಕವಿಯಿತು. ಕಣದ ತುಂಬ ಕಾಫಿ ಹರಡಿತ್ತು. ಯೋಚಿಸದೆ ಕೂಗಿಬಿಟ್ಟೆ, "ಅಣ್ಣಾ, ಬಾರೋ, ಕಾಫಿ ನೆನೀತೈತೆ!" ಅವನು ಓಡಿಬಂದು ಟಾರ್ಪಾಲು ಎಳೆದು ಮುಚ್ಚಿದ. ಆಮೇಲೆ ನೆನಪಾಗಿ ಒಳಗೆ ದಬ್ಬಿದರೆ ನಕ್ಕ. "ಬಿಸಿಲೆಲ್ಲೈತೆ ಮಾರಾಯ್ತಿ? ಮೋಡ ಕಣೇ."

ಸಂಜೆಗೆ ಎರಡೂ ಮುಂಗೈ ಊದಿಕೊಂಡವು. ಉರಿ ತಡೆಯಲಾರದೆ ತಣ್ಣೀರಲ್ಲಿ ಅದ್ದಿಕೊಂಡು ಕೂತಿದ್ದ. ನರ್ಸಿಗೆ ಫೋನ್ ಮಾಡಿದೆ. "ಮೋಡ ಇದ್ರೂ ಬೆಳಕು ಬೆಳಕೇ ಅಲ್ವೇನಮ್ಮ? ಕರ್ಕೊಂಡು ಬನ್ನಿ, ಡಾಕ್ಟ್ರು ನೋಡಿ ಹೇಳ್ತಾರೆ" ಎಂದರು. ನಾಳೆ ಲೇಸರ್ ಹಾಕುತ್ತಾರೋ ಇಲ್ಲವೋ ಎಂದು ಕೇಳಿದರೂ ಹೇಳಲಿಲ್ಲ. ಎರಡನೇ ಸಲ ಕೇಳಲು ನನಗೆ ಧೈರ್ಯ ಬರಲಿಲ್ಲ.

ಇದೇ ಕಾಯಿಲೆಯಲ್ಲಿ ಅಪ್ಪ ಹೋಗಿ ಏಳು ತಿಂಗಳು. ಆಗ ನಮ್ಮ ಕೈಯಲ್ಲಿ ಏನೂ ಇರಲಿಲ್ಲ. ಈ ಸಲ ಒಂದು ದಾರಿ ಇತ್ತು, ಅದನ್ನೂ ನಾನೇ…

ಬೆಳಕು ಹರಿಯುವ ಮೊದಲೇ ಅಣ್ಣನನ್ನು ಆಸ್ಪತ್ರೆಗೆ ಕರೆದೊಯ್ಯಲು ಬೆಳಗಿನ ಜಾವ ನಾಲ್ಕೂವರೆಗೆ ಯಸಳೂರಿನಿಂದ ದಯಾನಂದನ ಬಾಡಿಗೆ ಜೀಪು ಬರುತ್ತದೆ.