ಈಜುಕೊಳದಲ್ಲಿ ಆಚಮನ ಮಾಡಿದವನ ಅಹವಾಲು

ಸಿಕಂದರಾಬಾದ್ ನಗರದ ಈಜುಕೊಳದ ಉಸ್ತುವಾರಿ ಹೊತ್ತ ಮಾನ್ಯ ಅಧಿಕಾರಿಗಳೇ,

ನಿಮ್ಮ ಕೊಳದ ನೀರು ಕೆಟ್ಟಿದೆ. ನಾನು ನೋಡಿ ಹೇಳುತ್ತಿಲ್ಲ, ಕುಡಿದು ಹೇಳುತ್ತಿದ್ದೇನೆ. ತೆಲುಗಿನಲ್ಲಿ ಬರೆದೆ, ಇಂಗ್ಲಿಷಿನಲ್ಲಿ ಬರೆದೆ, ನೀವು ಓದಲಿಲ್ಲ. ಕನ್ನಡದಲ್ಲಿ ಬರೆದರೆ ಓದಲಾರಿರಿ ಎಂದೂ ಗೊತ್ತು. ಆದರೂ ಹೊಟ್ಟೆಯಲ್ಲಿರುವುದನ್ನು ಕಕ್ಕಿಕೊಳ್ಳಲು ತಾಯಿನುಡಿಯೇ ವಾಸಿ.

ನಾನು ರಾಯಚೂರು ಕಡೆಯವನು. ನೀರಾವರಿ ಇಲಾಖೆಯಲ್ಲಿ ತಲೆ ಬೆಳ್ಳಗೆ ಮಾಡಿಕೊಂಡು, ನೀರಿನ ಬಗ್ಗೆ ಏನೂ ಕಲಿಯದೆ ನಿವೃತ್ತನಾದವನು. ಮಡಿವಂತನೆಂಬ ಜಂಭ ಬೇರೆ. ಬೀಗರ ಮನೆಗೆ ಹೋದರೂ ನೀರಿನ ತಂಬಿಗೆ ನಮ್ಮದೇ. ಇಂಥವನು ಈ ಬೇಸಿಗೆಯಲ್ಲಿ ಮೊಮ್ಮಗಳು ನಲಿನಿಯನ್ನು ಕರೆದುಕೊಂಡು ನಿಮ್ಮ ಕೊಳಕ್ಕೆ ಬಂದೆ. ಪೋಲಿಯೋದಿಂದ ಅವಳ ಎಡಗಾಲು ಸೋತಿದೆ. ಈಜಿದರೆ ಬಲ ಬಂದೀತು ಎಂದರು ಡಾಕ್ಟರು. ಅವಳು ಈಜು ಕಲಿತ ಮೇಲೆ ಒಂದು ದಿನ ಅವಳ ಜೊತೆ ನಾನೂ ಇಳಿದೆ. ನೀರು ಸೊಂಟಕ್ಕೆ ಬಂದದ್ದೇ ತಡ, ತುಂಗಭದ್ರೆಯಲ್ಲಿ ಮಿಂದ ಅಭ್ಯಾಸ ನೋಡಿ, ಬಲಗೈ ತಾನಾಗಿ ಬಾಗಿ ನೀರು ತುಂಬಿಕೊಂಡಿತು. ಕೇಶವಾಯ ಸ್ವಾಹಾ, ಒಂದು ಗುಟುಕು. ನಾರಾಯಣಾಯ ಸ್ವಾಹಾ, ಇನ್ನೊಂದು. ಮಾಧವಾಯ ಸ್ವಾಹಾ, ಮತ್ತೊಂದು. ಅಯ್ಯೋ ರಾಮ! ಬೀಗರ ಬಾವಿ ನೀರು ಒಲ್ಲದವನು ಅರ್ಧ ಸಿಕಂದರಾಬಾದಿನ ಮೈ ತೊಳೆದ ನೀರನ್ನು ಮಂತ್ರ ಹೇಳಿ ಕುಡಿದಿದ್ದೆ.

ಮುಂದಿನದು ಹೇಳಲು ನಾಚಿಕೆ. ವಾಂತಿ, ಭೇದಿ, ಆಸ್ಪತ್ರೆ, ಕೈಗೆ ಸಲೈನ್. "ಹೊರಗೆ ಏನಾದರೂ ತಿಂದಿರಾ?" ಎಂದು ಡಾಕ್ಟರು ಕೇಳಿದರೆ, "ನಾವು ಹೊರಗೆ ಏನೂ ಮುಟ್ಟುವುದಿಲ್ಲ" ಎಂದು ಮಲಗಿದಲ್ಲೇ ಬೀಗಿದೆ! ಆಗ ನಲಿನಿ ನನ್ನ ಆಚಮನದ ಸುದ್ದಿ ಹೇಳಿಬಿಟ್ಟಳು. ನನ್ನ ಹೆಂಡತಿ ಗೋದಾಬಾಯಿ ಹಣೆ ಬಡಿದುಕೊಂಡಳು: "ಮಂದಿ ಮನ್ಯಾಗ ಒಂದು ಕಪ್ ಚಹಾ ಕುಡಿಯಂಗಿಲ್ಲ. ಊರ ಮಂದಿ ಜಳಕದ ನೀರು ಹ್ಯಾಂಗ ಇಳೀತ್ರಿ ಗಂಟಲದಾಗ?"

ಚೇತರಿಸಿಕೊಂಡು ನಿಮ್ಮ ಕಚೇರಿಗೆ ಬಂದೆ. ನಿಮ್ಮ ಗುಮಾಸ್ತರು ಪಾನ್ ಅಗಿಯುತ್ತ, "ಅರೇ ಸಾಬ್, ಪೀನೇ ಕೂ ಕೌನ್ ಬೋಲಾ?" ಎಂದರು. ಕುಡಿ ಅಂತ ನಿನಗೆ ಹೇಳಿದವರಾರು! ಕಚೇರಿಯೆಲ್ಲ ನಕ್ಕಿತು. ನಾನೂ ನಕ್ಕೆ, ಇನ್ನೇನು ಮಾಡಲಿ?

ಆದರೆ ಸ್ವಾಮಿ, ನೀರು ಕುಡಿಯದೆ ಈಜು ಕಲಿತ ಕೂಸು ಈ ಭೂಮಿಯ ಮೇಲೆ ಉಂಟೇ? ನಾನೊಬ್ಬ ಮುದಿ ಮೂರ್ಖ ಮಂತ್ರ ಹೇಳಿ ಕುಡಿದೆ. ಮಕ್ಕಳು ಮಂತ್ರವಿಲ್ಲದೆ, ಕೆಮ್ಮುತ್ತ, ನಗುತ್ತ ದಿನವೂ ಕುಡಿಯುತ್ತಾರೆ. ನಿಮ್ಮ ಕೊಳದಲ್ಲಿ ಎರಡನೆಯ ಮೆಟ್ಟಿಲು ಕಣ್ಣಿಗೆ ಕಾಣುವುದಿಲ್ಲ, ಬ್ಲೀಚಿಂಗ್ ಪೌಡರಿನ ವಾಸನೆ ಮೂಗಿಗೆ ತಾಗುವುದಿಲ್ಲ. ಬೀದರ ಕಡೆಯ ಕಾವಲುಗಾರ ಸೂಗಪ್ಪನನ್ನು ಕೇಳಿದರೆ, "ಸಾಹೇಬ್ರು ಬರೋ ದಿನ ಪೌಡರ್ ಹಾಕ್ತೀವ್ರಿ" ಎಂದ. ಉಳಿದ ದಿನ ಕ್ರಿಮಿಗಳು ರಜೆಯ ಮೇಲೆ ಹೋಗುತ್ತವೆಯೇ?

ಈಗ ಗೋದಾಬಾಯಿ ನಲಿನಿಯನ್ನು ಕೊಳಕ್ಕೆ ಕಳಿಸುತ್ತಿಲ್ಲ. ತಪ್ಪೆನ್ನಲು ನನಗೆ ಬಾಯಿಲ್ಲ. ನೆಲದ ಮೇಲೆ ಗೋಡೆ ಹಿಡಿದು ನಡೆಯುವ ಈ ಹುಡುಗಿ ನೀರಿನಲ್ಲಿ ಎರಡೂ ಕಾಲು ನೆಟ್ಟಗಿದ್ದವರನ್ನು ಹಿಂದೆ ಹಾಕಿದ್ದಳು. ಅಂದು ದಡಕ್ಕೆ ಬಂದು ಅವಳು ನಕ್ಕ ನಗುವನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ. ನಿನ್ನೆ ಕೇಳಿದಳು: "ಅಜ್ಜಾ, ನೀರು ಕುಡದಾಂವ ನೀನು. ಶಿಕ್ಷಾ ನನಗ್ಯಾಕ?" ಆ ಪ್ರಶ್ನೆಯನ್ನು ನಿಮಗೇ ದಾಟಿಸುತ್ತಿದ್ದೇನೆ. ಉತ್ತರವಿದ್ದರೆ ತಿಳಿಸಿ.

ಕೊಳವನ್ನು ಬರಿದು ಮಾಡಿ, ತಿಕ್ಕಿಸಿ, ಹೊಸ ನೀರು ತುಂಬಿಸಿ. ನಿತ್ಯ ಔಷಧಿ ಹಾಕಿಸಿ, ನೀರಿನ ಪರೀಕ್ಷೆಯ ಫಲಿತಾಂಶವನ್ನು ಎಲ್ಲರೂ ಓದುವಂತೆ ಬಾಗಿಲಲ್ಲೇ ಬರೆಸಿ. ಆಮೇಲೆ ಮೊದಲು ನೀವೇ ಇಳಿಯಿರಿ. ಆಚಮನ ಬೇಡ, ಮಕ್ಕಳಂತೆ ಬಾಯಿ ತೆರೆದು ಒಂದು ಸಲ ಆ ದಡ ಮುಟ್ಟಿ ಬನ್ನಿ, ಸಾಕು. ನಲಿನಿಯ ಈಜುಡುಗೆ ನಮ್ಮ ಅಂಗಳದ ಹಗ್ಗದ ಮೇಲೆ ಒಣಗಿ ಸೆಟೆದು ನಿಂತಿದೆ. ಬೇಸಿಗೆ ಮುಗಿಯುವುದರೊಳಗೆ ಅದನ್ನು ತೋಯಿಸುವಂಥ ನೀರು ಕೊಡಿ.

ಇಂತಿ,
ನಿಮ್ಮ ಕೊಳದ ತೀರ್ಥ ಸೇವಿಸಿಯೂ ಬದುಕಿರುವ,
ಪ್ರಾಣೇಶರಾವ್
ಸಿಕಂದರಾಬಾದ್