ಮೊದಲ ದೋಣಿ

ಮಾರ್ಚ್ ೨, ಮಧ್ಯಾಹ್ನ

ಇವತ್ತೂ ತಿಂಡಿಯ ಹೊತ್ತಿಗೆ ಇವರದು ಅದೇ ರಗಳೆ. ಕಾಫಿ ತಣ್ಣಗಿದೆ, ಕುರ್ಚಿ ಗಟ್ಟಿ, ಸಮುದ್ರ ಸರಿಯಿಲ್ಲ. ರಿಟೈರ್ ಆದದ್ದು ಆಫೀಸಿನಿಂದ ಮಾತ್ರ, ಅಧಿಕಾರದಿಂದ ಅಲ್ಲ. ಹಡಗಿನಲ್ಲಿ ಇನ್ನೂ ಆರು ದಿನ ಇವರ ಜೊತೆ ಒಂದೇ ಕ್ಯಾಬಿನ್ನು...

ಐದನೇ ತಾರೀಖು ಹಡಗು ನಿಲ್ಲುವುದು ಮಗಳಿರುವ ಊರಿನಲ್ಲಿ. ಇವರಿಗೆ ಗೊತ್ತಿಲ್ಲ. ಅವಳು ಎಲ್ಲಿದ್ದಾಳೆ ಅಂತ ಕೇಳಿದ್ದೇ ಇಲ್ಲ. ಇವರು ಹುಡುಕಿ ತಂದ ಗಂಡನನ್ನು ಬಿಟ್ಟು ಹೋದಳಲ್ಲ, ಅವತ್ತೇ ಮುಗಿಯಿತು. ಅವನು ಕೈ ಮಾಡ್ತಾನೆ ಅಪ್ಪಾ ಅಂತ ಅತ್ತರೆ, "ನೀನು ಬಾಯಿ ಮಾಡಿರ್ತೀಯ" ಅಂದ ಪುಣ್ಯಾತ್ಮ. ನಾಲ್ಕು ವರ್ಷ ಆಯಿತು ನಾನು ಅವಳ ಮುಖ ನೋಡಿ.

ಬಾತ್‌ರೂಮಿನ ಫ್ಯಾನ್ ಹಾಕಿಕೊಂಡು ಫೋನ್ ಮಾಡಿದೆ. ಹೆತ್ತ ಮಗಳ ಹತ್ತಿರ ಕದ್ದು ಮಾತು, ಈ ವಯಸ್ಸಲ್ಲಿ. "ಅಪ್ಪ?" ಅಂದಳು. ಅಪ್ಪನ ವ್ಯವಸ್ಥೆ ನಾನು ಮಾಡ್ತೀನಿ ಅಂದೆ.

ಮಾರ್ಚ್ ೩

ವ್ಯವಸ್ಥೆ ಆಯಿತು. ಹಡಗಿನವರದೇ ಟೂರ್ ಒಂದು ಇದೆ— ಬಸ್ಸು, ಗೈಡು, ಕೋಟೆ, ಊಟ. ಇವರ ಹೆಸರಲ್ಲಿ ಬುಕ್ ಮಾಡಿಸಿದೆ. ನನಗೆ ಸೊಂಟ ನೋವು, ಬಸ್ಸಿನಲ್ಲಿ ಕೂರಲಾರೆ, ಪಕ್ಕದ ಕ್ಯಾಬಿನ್ನಿನ ನರ್ಸಮ್ಮನ ಜೊತೆ ಕಾರಲ್ಲಿ ಯಾವುದೋ ತೋಟ ನೋಡಿ ಬರ್ತೀನಿ ಅಂದೆ.

"ಹೊರಗಿನ ಕಾರಾ? ತಡ ಆದ್ರೆ ಹಡಗು ನಿನಗೋಸ್ಕರ ಕಾಯಲ್ಲ. ನಮ್ಮ ಬಸ್ಸಿಗಾದ್ರೆ ಕಾಯುತ್ತೆ."

ಆಗಲೇ 'ನಮ್ಮ ಬಸ್ಸು'. ಅದಕ್ಕೇ ನೀವು ಅದರಲ್ಲಿ ಹೋಗಿ ಅಂದೆ. ಉಬ್ಬಿಹೋದರು.

ಕಾರು ನಾನೇ ಗೊತ್ತುಮಾಡಿದ್ದು. ಮೂರು ಡ್ರೈವರ್‌ಗಳಿಗೆ ಮೆಸೇಜ್ ಮಾಡಿ, ಮರ್ಯಾದೆಯಾಗಿ ಉತ್ತರ ಕೊಟ್ಟವನನ್ನು ಒಪ್ಪಿಕೊಂಡೆ. ದೋಣಿಕಟ್ಟೆಯಲ್ಲಿ ನನ್ನ ಹೆಸರಿನ ಬೋರ್ಡ್ ಹಿಡಿದು ನಿಲ್ಲುತ್ತಾನೆ. ಮಗಳಿಗೆ ಹೇಳಿದೆ— ಅವನ ಪಕ್ಕದಲ್ಲೇ ನಿಂತಿರು, ಒಂದು ನಿಮಿಷವೂ ಹಾಳಾಗೋದು ಬೇಡ, ಹಡಗಿನಿಂದ ದಡಕ್ಕೆ ಬಿಡೋ ಮೊದಲ ದೋಣಿಯಲ್ಲೇ ಇಳೀತೀನಿ.

"ನೀವೇ ಒಂದು ಟೂರ್ ಕಂಪನಿ ಇಡಬಹುದು ಕಣ್ರೀ" ಅಂದಳು ನರ್ಸಮ್ಮ. ನಕ್ಕೆ. ಎಷ್ಟು ದಿನ ಆಗಿತ್ತು ಹಾಗೆ ನಕ್ಕು.

ಮಾರ್ಚ್ ೫, ಬೆಳಿಗ್ಗೆ

ಲೌಂಜಿನಲ್ಲಿ ಕೂತಿದ್ದೇನೆ. ಸುಮ್ಮನೆ ಕೂರಲಾಗದೆ ಬರೆಯುತ್ತಿದ್ದೇನೆ.

ದಡದ ಹತ್ತಿರ ನೀರು ಆಳ ಇಲ್ಲ, ಹಡಗು ದೂರದಲ್ಲೇ ನಿಲ್ಲುತ್ತೆ, ದೋಣಿಯಲ್ಲಿ ಇಳಿಸ್ತಾರೆ. ಇದು ಗೊತ್ತಿತ್ತು. ಹಡಗಿನ ಟೂರ್ ತಗೊಂಡವರು ಮೊದಲು ಇಳೀತಾರೆ, ಸ್ವಂತ ವ್ಯವಸ್ಥೆ ಮಾಡಿಕೊಂಡವರು ಟೋಕನ್ ಹಿಡಿದು ಕಾಯಬೇಕು— ಇದು ಗೊತ್ತಿರಲಿಲ್ಲ. ಕೌಂಟರಿನ ಹುಡುಗಿ ಇದನ್ನೂ ನಗುನಗುತ್ತಲೇ ಹೇಳಿದಳು.

ಇವರು ಬಸ್ ನಂಬರಿನ ಸ್ಟಿಕ್ಕರ್ ಎದೆಗೆ ಅಂಟಿಸಿಕೊಂಡು ಮೊದಲ ದೋಣಿ ಹತ್ತಿದರು. ಕೈ ಬೀಸಿದರು ಬೇರೆ.

ಅಲ್ಲಿ ನನ್ನ ಹೆಸರಿನ ಬೋರ್ಡು. ಪಕ್ಕದಲ್ಲಿ ಅವಳು. ನಾನೇ ದುಡ್ಡು ಕಟ್ಟಿ ಇವರನ್ನು ಅವಳ ಮುಂದೆ ಇಳಿಸಿದ ಹಾಗಾಯಿತು.

ಫೋನ್ ಹೋಗುತ್ತಿಲ್ಲ. ಇಡೀ ಲೌಂಜೇ ಫೋನ್ ಒತ್ತುತ್ತಿದೆ, ಯಾರಿಗೂ ನೆಟ್‌ವರ್ಕ್ ಸಿಗುತ್ತಿಲ್ಲ. ನರ್ಸಮ್ಮ ಸಮಾಧಾನ ಮಾಡ್ತಾಳೆ: "ನೋಡಿದ್ರೆ ನೋಡ್ಲಿ ಬಿಡಿ. ಕಣ್ಣೆದುರಿಗೆ ಬಂದ್ರೆ ಕರಗ್ತಾರೆ. ಎಷ್ಟಾದ್ರೂ ಅಪ್ಪ ಅಲ್ವಾ." ಇವಳಿಗೆ ಮದುವೆಯಾಗಿಲ್ಲ.

ಇನ್ನೂ ನಮ್ಮ ನಂಬರ್ ಕರೆದಿಲ್ಲ. ಎರಡು ದೋಣಿ ಹೋದವು. ಮೂರನೆಯದೂ—

ಮಾರ್ಚ್ ೫, ಸಂಜೆ

ಬೋರ್ಡ್ ಇತ್ತು. ಡ್ರೈವರ್ ಇದ್ದ. ಅವಳಿರಲಿಲ್ಲ.

"ಇಲ್ಲೇ ನಿಂತಿದ್ರಮ್ಮಾ. ಸ್ಟಿಕ್ಕರ್ ಹಾಕಿದ್ದ ಯಜಮಾನರೊಬ್ರು ಬೋರ್ಡ್ ಓದಿ, ನಿಮ್ಮ ಮಗಳನ್ನ ನೋಡಿ, ಪಕ್ಕಕ್ಕೆ ಕರೆದ್ರು. ಏನಂದ್ರೋ ನನಗೆ ಕೇಳಿಸ್ಲಿಲ್ಲ. ಅವರು ಬಸ್ ಹತ್ತಿ ಹೋದ್ರು. ನಿಮ್ಮ ಮಗಳು ಇನ್ನೆರಡು ದೋಣಿ ನೋಡಿದ್ರು. ನೀವು ಇಳೀಲಿಲ್ಲ. ಕಣ್ಣೊರೆಸ್ಕೊಂಡು ಹೊರಟುಹೋದ್ರು."

ಫೋನ್ ಮಾಡಿದರೆ ಎತ್ತಲಿಲ್ಲ. ಕಾರು ಅವಳ ಮನೆಗೆ ಓಡಿಸು ಅಂದೆ. ಬೀಗ. ಮೆಟ್ಟಿಲ ಮೇಲೆ ಕೂತೆ. ಬಾಗಿಲಲ್ಲಿ ಅವಳ ಚಪ್ಪಲಿ, ಕಿಟಕಿಯಲ್ಲಿ ಒಂದು ಒಗೆದ ಟವೆಲ್ಲು. ನಾಲ್ಕು ವರ್ಷಕ್ಕೆ ನಾನು ನೋಡಿದ್ದು ಅಷ್ಟೇ. ಹೊತ್ತಾಯಿತು ಅಂತ ನರ್ಸಮ್ಮ ತೋಳು ಹಿಡಿದು ಎಬ್ಬಿಸಿದಳು.

ವಾಪಸ್ ದೋಣಿಯಲ್ಲಿ ಮೆಸೇಜ್ ಬಂತು. "ಅಮ್ಮಾ, ಬರೋಕೆ ಮನಸ್ಸಿಲ್ಲ ಅಂದ್ರೆ ನೀನೇ ಹೇಳಬಹುದಿತ್ತು. ಮೊದಲ ದೋಣಿಯಲ್ಲಿ ಅಪ್ಪನ್ನ ಕಳಿಸಿ ಹೇಳಿಸಬೇಕಿತ್ತಾ? ಇನ್ನು ಫೋನ್ ಮಾಡಬೇಡ."

ನಾನಲ್ಲ ಕಂದಾ ಅಂತ ಬರೆದೆ. ಹೋಗಲಿಲ್ಲ. ಮತ್ತೆ ಬರೆದೆ. ನರ್ಸಮ್ಮ ಫೋನ್ ತಗೊಂಡು ನೋಡಿ, ಮೆಲ್ಲಗೆ ವಾಪಸ್ ಕೊಟ್ಟಳು. "ಬ್ಲಾಕ್ ಮಾಡಿದ್ದಾರೆ" ಅಂದಳು.

ಕ್ಯಾಬಿನ್ನಿಗೆ ಬಂದರೆ ಇವರು ಸ್ನಾನ ಮುಗಿಸಿ ತಲೆ ಬಾಚುತ್ತಿದ್ದರು. ಕೋಟೆ ಪರವಾಗಿಲ್ಲವಂತೆ. ಊಟ ಚೆನ್ನಾಗಿತ್ತಂತೆ. "ನಿನ್ನ ತೋಟ ಹೇಗಿತ್ತು?" ಅಂದರು.

ಅವಳಿಗೆ ಏನು ಹೇಳಿದ್ರಿ ಅಂದೆ.

ಕನ್ನಡಿಯಿಂದ ಕಣ್ಣು ತೆಗೆಯಲಿಲ್ಲ. "ಯಾರಿಗೆ?" ಅಂದರು. ಊಟಕ್ಕೆ ಹೊರಟುಹೋದರು.

ಯಾರಿಗೆ ಅಂತೆ. ಮಗಳನ್ನು ನನ್ನ ಕೈಯಿಂದ ಕಿತ್ತುಹಾಕಿ, ಬಸ್ಸಲ್ಲಿ ಕೂತು, ಹೊಟ್ಟೆ ತುಂಬ ಉಂಡು ಬಂದು, ಯಾರಿಗೆ ಅಂತ ನನ್ನನ್ನೇ ಕೇಳ್ತಾರೆ.