ಅರುಣಾಳ ಪುಸ್ತಿಕೆಗೆ ಸಹಿ

ಅರುಣಾ,

ಇವತ್ತು ಬೆಳಗ್ಗೆ ಬೇಲೂರಿನ ಮಹಾಂತೇಶ್ ಮೇಷ್ಟ್ರು ಎಂಬುವವರು ಕಣಕಟ್ಟೆಯಲ್ಲಿ ಬಸ್ಸಿಳಿದು ನಮ್ಮ ಮನೆ ಹುಡುಕಿಕೊಂಡು ಬಂದಿದ್ದರು. ಸಣ್ಣ ಪ್ರೆಸ್ಸುಗಳಲ್ಲಿ ಅಚ್ಚಾದ ಕವನ ಪುಸ್ತಿಕೆಗಳಿಗೆ ಕವಿಗಳಿಂದಲೇ ಸಹಿ ಹಾಕಿಸಿ ಕೂಡಿಡುತ್ತಾರಂತೆ. ಕೈಯಲ್ಲಿ ನಿನ್ನ ಪುಸ್ತಿಕೆಯಿತ್ತು.

"ಅರುಣಾ ಅಂದ್ರೆ ನೀವೇ ಅಲ್ವೇನಮ್ಮ?" ಎಂದರು.

ಅರುಣಾ ನನ್ನ ತಂಗಿ, ತೀರಿಕೊಂಡು ಎರಡು ವರ್ಷವಾಯಿತು ಎನ್ನಲು ಬಾಯಿ ಬರಲಿಲ್ಲ. "ಹೂಂ, ಕೂತ್ಕಳಿ" ಎಂದುಬಿಟ್ಟೆ. ನಿನ್ನ ಹೆಸರು ಬರೆದು ಸಹಿ ಮಾಡಿಯೂ ಕೊಟ್ಟೆ.

ಅವರು ಒಂದು ಪುಟ ತೆಗೆದು, "ಇದನ್ನ ನಿಮ್ಮ ಬಾಯಲ್ಲೇ ಕೇಳ್ಬೇಕು" ಎಂದರು. ಅದರಲ್ಲಿ, ನೀನು ಚಿಕ್ಕವಳಿದ್ದಾಗ ನಾನು ನಿನ್ನನ್ನು ಸೊಂಟದ ಮೇಲೆ ಹೊತ್ತು ಮಾಲೇಕಲ್ಲು ಬೆಟ್ಟದ ಮೆಟ್ಟಿಲು ಹತ್ತಿದ್ದನ್ನು ಬರೆದಿದ್ದೀಯ. ಹಳೇಬೀಡಿನಲ್ಲಿ ಪುಸ್ತಿಕೆ ಬಿಡುಗಡೆಯಾದ ದಿನ ನೀನು ಎರಡು ಸಲ ಫೋನ್ ಮಾಡಿದ್ದೆ. ತೋಟದಲ್ಲಿ ಕಾಯಿ ಕೀಳಿಸಬೇಕೆಂದು ನಾನು ಬರಲಿಲ್ಲ. ಆಮೇಲೆ ನೀನೇ ತಂದುಕೊಟ್ಟ ಪ್ರತಿ ಬೀರುವಿನಲ್ಲೇ ಉಳಿಯಿತು.

ಕೊನೆಯ ಸಾಲಿನವರೆಗೂ ಓದಿ ಪುಸ್ತಿಕೆಯನ್ನು ಅವರ ಕೈಗೆ ಕೊಟ್ಟೆ. ಮೇಷ್ಟ್ರು, "ಇಷ್ಟು ಚೆನ್ನಾಗಿ ಬರೆಯೋರು ಆಮೇಲೆ ಯಾಕಮ್ಮ ಬರೀಲಿಲ್ಲ?" ಎಂದು ಕೇಳಿದರು.

"ಮನೇಲಿ ಯಾರೂ ಓದ್ಲಿಲ್ಲ ಸಾರ್" ಎಂದೆ.